ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಶುರುವಾದ ಮೇಲೂ ತೂಕ ಇಳಿಯುತ್ತಿದ್ದರೆ? (ಪ್ರಶ್ನೋತ್ತರ)

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಸದಸ್ಯೆ): ಮೇಡಂ, ನಮ್ಮ ಅತ್ತಿಗೆಗೆ 34 ವರ್ಷ. ಎಚ್‌ಐವಿ ಮಾತ್ರೆ ಶುರುವಾಗಿ ಎರಡು ತಿಂಗಳಾಯ್ತು, ಒಂದು ದಿನವೂ ತಪ್ಪಿಸಿಲ್ಲ. ಮೊದಲು 45 ಕೆಜಿ ಇದ್ದವರು ಈಗ 38. ಎತ್ತರ 152 ಸೆಂ.ಮೀ. ಸಂಜೆ ಹೊತ್ತು ಮೈ ಬೆಚ್ಚಗಾಗತ್ತೆ. ನಿಧಾನಕ್ಕೆ ಮೈ ಹಿಡಿಯತ್ತೆ ಅಂತಾರೆ ಮನೇಲಿ. ಕಾಯಬಹುದಾ?

ಉತ್ತರ (ಎಆರ್‌ಟಿ ವೈದ್ಯೆ): ಕಾಯಬೇಡಿ, ಮುಂದಿನ ತಾರೀಖಿನವರೆಗೂ ಬೇಡ. ನಾಳೆಯೇ ಕರೆದುಕೊಂಡು ಹೋಗಿ.

ಲೆಕ್ಕ ನೋಡಿ: 38ನ್ನು 1.52ರಿಂದ ಎರಡು ಸಲ ಭಾಗಿಸಿದರೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 16.4. ಇದು 18.5ಕ್ಕಿಂತ ಕಡಿಮೆ ಇದ್ದರೇ ತೂಕ ಸಾಲದು ಅಂತ ಅರ್ಥ. ಇಷ್ಟು ಸೊರಗಿದ ಸ್ಥಿತಿಯಲ್ಲಿ ಚಿಕಿತ್ಸೆ ಶುರು ಮಾಡಿದ ಹೆಂಗಸರಲ್ಲಿ ಸಾವಿನ ಅಪಾಯ ಹೆಚ್ಚು, ಅದರಲ್ಲೂ ಮೊದಲ ಕೆಲವು ತಿಂಗಳಲ್ಲಿ. ಆಫ್ರಿಕಾದಲ್ಲೂ ನಮ್ಮ ದೇಶದಲ್ಲೂ ನಡೆದ ಅಧ್ಯಯನಗಳು ಇದನ್ನೇ ತೋರಿಸಿವೆ. ಮೊದಲ ಆರು ತಿಂಗಳಲ್ಲಿ ತೂಕ ಏರಿದವರು ಹೆಚ್ಚು ಬದುಕುಳಿಯುತ್ತಾರೆ ಅನ್ನುವುದೂ ಅಷ್ಟೇ ಸ್ಪಷ್ಟ. ಮಾತ್ರೆ ಕೆಲವೇ ವಾರಗಳಲ್ಲಿ ವೈರಸ್ ತಗ್ಗಿಸುತ್ತದೆ, ಆದರೆ ರೋಗನಿರೋಧಕ ಶಕ್ತಿ ಮರಳುವುದಕ್ಕೆ ತಿಂಗಳುಗಳೇ ಬೇಕು. ಆ ನಡುವೆ ಒಳಗೆ ಅಡಗಿದ್ದ ಸೋಂಕು ತಲೆಯೆತ್ತುತ್ತದೆ.

ಮೊದಲ ಅನುಮಾನ ಕ್ಷಯ. ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಕೆ, ಈ ನಾಲ್ಕರಲ್ಲಿ ಒಂದಿದ್ದರೂ ಪರೀಕ್ಷೆ ಆಗಲೇಬೇಕು. ಇವರಿಗೆ ಎರಡಿವೆ. ಕೆಮ್ಮಿಲ್ಲ ಅಂತ ಸುಮ್ಮನಾಗಬೇಡಿ, ಎಚ್‌ಐವಿ ಇದ್ದವರಲ್ಲಿ ಕ್ಷಯ ಕುತ್ತಿಗೆಯ ಗಂಟಿನಲ್ಲಿ, ಹೊಟ್ಟೆಯಲ್ಲೂ ಕೂರುತ್ತದೆ. ಕಫದ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ (ಕ್ಷಯದ ರೋಗಾಣು ಪತ್ತೆ ಮಾಡುವ ಪರೀಕ್ಷೆ), ಎದೆಯ ಎಕ್ಸ್‌ರೇ, ಸಿಡಿ4 (ರಕ್ತದ ರೋಗನಿರೋಧಕ ಕಣಗಳು) ಎಣಿಕೆ ಕೇಳಿ. ಸಿಡಿ4 200ಕ್ಕಿಂತ ಕೆಳಗಿದ್ದರೆ ಕ್ರಿಪ್ಟೊಕಾಕಸ್ (ಮಿದುಳಿಗೆ ತಗಲುವ ಒಂದು ಶಿಲೀಂಧ್ರ) ರಕ್ತಪರೀಕ್ಷೆಯೂ ಬೇಕು. ಬಾಯಿ ತೆರೆಸಿ ನೋಡಿ: ನಾಲಿಗೆ ಮೇಲೆ ಬಿಳಿ ಪದರ, ನುಂಗುವಾಗ ಎದೆ ನೋವು ಇದ್ದರೆ ಅದು ಶಿಲೀಂಧ್ರ. ಅದು ವಾಸಿಯಾಗದೆ ಊಟ ಸೇರುವುದಿಲ್ಲ.

ಕ್ಷಯ ಸಿಕ್ಕಿದರೆ ಒಂದು ಮುಖ್ಯ ಸಂಗತಿ. ಕ್ಷಯದ ರಿಫಾಂಪಿಸಿನ್ ಮಾತ್ರೆ ಎಚ್‌ಐವಿ ಔಷಧಿ ಡೊಲುಟೆಗ್ರಾವಿರ್ ಅಂಶವನ್ನು ರಕ್ತದಲ್ಲಿ ಇಳಿಸಿಬಿಡುತ್ತದೆ. ಹಾಗಾಗಿ ದಿನದ ಟಿಎಲ್‌ಡಿ ಮಾತ್ರೆ (ಡೊಲುಟೆಗ್ರಾವಿರ್ ಸೇರಿ ಮೂರು ಔಷಧಿ ಇರುವ ಎಚ್‌ಐವಿ ಮಾತ್ರೆ) ಜೊತೆಗೆ 12 ಗಂಟೆ ಬಿಟ್ಟು 50 ಮಿ.ಗ್ರಾಂ ಡೊಲುಟೆಗ್ರಾವಿರ್ ಮತ್ತೊಂದು ಬೇಕು. ಕ್ಷಯದ ಕೇಂದ್ರದಲ್ಲಿ ಎಚ್‌ಐವಿ ಮಾತ್ರೆಯ ವಿಷಯ, ಎಆರ್‌ಟಿ ಕೇಂದ್ರದಲ್ಲಿ ಕ್ಷಯದ ವಿಷಯ ಮುಚ್ಚಿಡಬೇಡಿ. ಚಿಕಿತ್ಸೆ ನಡುವೆ ಗಂಟು ಊದಿ ಜ್ವರ ಜಾಸ್ತಿಯಾದರೂ ತಾವಾಗಿ ಯಾವ ಮಾತ್ರೆಯನ್ನೂ ನಿಲ್ಲಿಸಬಾರದು, ಡಾಕ್ಟರಿಗೆ ತೋರಿಸಬೇಕು.

ಅದೇ ಸದಸ್ಯೆ: ಊಟಕ್ಕೆ ಏನು ಕೊಡಲಿ? ಗಂಜಿ ಬಿಟ್ಟರೆ ಏನೂ ಸೇರಲ್ಲ ಅಂತಾರೆ. ರಕ್ತ ಕಡಿಮೆ ಅಂತ ಕಬ್ಬಿಣದ ಮಾತ್ರೆಯೂ ಕೊಟ್ಟಿದ್ದಾರೆ.

ಉತ್ತರ: ಗಂಜಿಯನ್ನೇ ಗಟ್ಟಿ ಮಾಡಿ. ತಿಳಿ ಬಸಿಯದೆ, ಹೆಸರುಬೇಳೆ ಹಾಕಿ ಬೇಯಿಸಿ, ಮೇಲೊಂದು ಚಮಚ ತುಪ್ಪ. ಸೋಂಕು ಇರುವಾಗ ದೇಹಕ್ಕೆ ಮಾಮೂಲಿಗಿಂತ ಶೇ 20ರಿಂದ 30ರಷ್ಟು ಹೆಚ್ಚು ಶಕ್ತಿ ಬೇಕು, ಅಂದರೆ ದಿನಕ್ಕೆ ಸುಮಾರು 400ರಿಂದ 600 ಕ್ಯಾಲರಿ ಜಾಸ್ತಿ. ಎರಡು ಬೇಯಿಸಿದ ಮೊಟ್ಟೆ, ಒಂದು ಹಿಡಿ ಹುರಿದ ಶೇಂಗಾ, ಒಂದು ಲೋಟ ಕಾಯಿಸಿದ ಹಾಲು, ಆ ತುಪ್ಪ ಸೇರಿದರೆ ಅದು ಹತ್ತಿರ ಹತ್ತಿರ ತುಂಬುತ್ತದೆ. ಮೀನು ತಿನ್ನುವವರಾದರೆ ಬಂಗುಡೆ, ಭೂತಾಯಿ ಒಳ್ಳೆಯದು. ಮೂರು ಹೊತ್ತಿನ ಊಟ ಆರು ಸಲ ಮಾಡಿ. ಇಷ್ಟು ಸೊರಗಿದವರಿಗೆ ಒಂದೇ ದಿನ ತುರುಕುವುದು ಅಪಾಯ, ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಏರಿಸಿ. ಬಾವಿ ನೀರನ್ನು, ಮಳೆಗಾಲದಲ್ಲಂತೂ, ಕುದಿಸಿಯೇ ಕೊಡಿ. ಭೇದಿ ಹಿಡಿದರೆ ತಿಂದದ್ದೆಲ್ಲ ವ್ಯರ್ಥ. ಅಡಿಕೆ ಕೊಯ್ಲಿನಲ್ಲಿ ಹೆಂಗಸರು ಎಲೆಅಡಿಕೆ ಹಾಕಿಕೊಂಡೇ ಮಧ್ಯಾಹ್ನ ದಾಟಿಸುತ್ತಾರೆ, ಇವರು ಹಾಗೆ ಮಾಡಕೂಡದು.

ಖಾಲಿ ಹೊಟ್ಟೆಯಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಜೊತೆಗೆ ಟಿಎಲ್‌ಡಿ ನುಂಗಿದರೆ ಔಷಧಿ ಮೈಗೆ ಹತ್ತುವುದಿಲ್ಲ. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವುದಾದರೆ ಊಟದ ಜೊತೆ. ಇಲ್ಲವೇ ಟಿಎಲ್‌ಡಿ ಮೊದಲು, ಎರಡು ಗಂಟೆ ಬಿಟ್ಟು ಕಬ್ಬಿಣ. ಗ್ಯಾಸಿನ ಆಂಟಾಸಿಡ್ ಔಷಧಿಗಂತೂ ಊಟದ ರಿಯಾಯಿತಿಯೂ ಇಲ್ಲ, ಅಂತರ ಬೇಕೇ ಬೇಕು.

ಪ್ರಶ್ನೆ (ಸಾಗರದ ಸದಸ್ಯೆ): ನನ್ನದು ಉಲ್ಟಾ. ಟಿಎಲ್‌ಡಿಗೆ ಬಂದು ಎರಡು ವರ್ಷದಲ್ಲಿ 54 ಇದ್ದದ್ದು 66 ಕೆಜಿ. ಎತ್ತರ 155. ಮಾತ್ರೆ ಬಿಟ್ಟರೆ ಇಳಿಯತ್ತಾ?

ಉತ್ತರ: ಬಿಡಬೇಡಿ ತಾಯಿ. ಬಿಟ್ಟರೆ ಏರುವುದು ವೈರಸ್. ಡೊಲುಟೆಗ್ರಾವಿರ್‌ನಲ್ಲಿ ತೂಕ ಏರುವುದುಂಟು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಸೊರಗಿದವರು ಏರಿದರೆ ಅದು ಚೇತರಿಕೆ. ನಿಮ್ಮ ಬಿಎಂಐ ಶುರುವಿನಲ್ಲೇ 22.5 ಇತ್ತು, ಈಗ 27.5. ನಮ್ಮ ಜನಕ್ಕೆ 25 ದಾಟಿದರೆ ಬೊಜ್ಜು. ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿ. ಅನ್ನದ ಪಾಲು ಇಳಿಸಿ, ಹುರುಳಿ, ಸೊಪ್ಪು ಹೆಚ್ಚಿಸಿ, ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಸಕ್ಕರೆಗೆ ಮೆಟ್‌ಫಾರ್ಮಿನ್ ಬರೆದರೆ ಟಿಎಲ್‌ಡಿ ವಿಷಯ ತಿಳಿಸಿ, ಇದರ ಜೊತೆ ಅದು ದಿನಕ್ಕೆ 1000 ಮಿ.ಗ್ರಾಂ ಮೀರಬಾರದು.

ಪ್ರಶ್ನೆ (ಆಶಾ ಕಾರ್ಯಕರ್ತೆ): ಮನೆಯಲ್ಲಿ ತೂಕ ನೋಡುವುದು ಹೇಗೆ?

ಉತ್ತರ: ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಬಹಿರ್ದೆಸೆಗೆ ಹೋಗಿ ಬಂದು, ಏನೂ ತಿನ್ನದೆ, ಚಪ್ಪಲಿ ಬಿಟ್ಟು, ಅದೇ ತಕ್ಕಡಿಯಲ್ಲಿ. ತಕ್ಕಡಿ ಸಿಮೆಂಟಿನ ನೆಲದ ಮೇಲಿರಲಿ, ಸಗಣಿ ಸಾರಿಸಿದ ಏರುತಗ್ಗಿನ ನೆಲದಲ್ಲಿ ಮುಳ್ಳು ತಪ್ಪು ತೋರಿಸುತ್ತದೆ. ತಾರೀಖಿನ ಜೊತೆ ಬರೆದಿಡಿ. ವರ್ಷಗಟ್ಟಲೆ ಸರಿಯಿದ್ದವರ ತೂಕ ಕಾರಣವಿಲ್ಲದೆ ಶೇ 5ರಷ್ಟು ಇಳಿದರೂ, ಅಂದರೆ 50 ಕೆಜಿಯವರು 47.5ಕ್ಕೆ ಬಂದರೂ, ಕ್ಷಯದ ಪರೀಕ್ಷೆ ಮತ್ತು ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ ಪರೀಕ್ಷೆ) ಮಾಡಿಸಲು ಕಳಿಸಿ. ಆ ಪುಸ್ತಕದಲ್ಲಿ ರೋಗದ ಹೆಸರು ಬರೆಯಬೇಡಿ, ತೂಕ ಮತ್ತು ತಾರೀಖು ಸಾಕು.