ಟರ್ನ್‌ಟೇಬಲ್ಲಿನ ಒಳಗಿನ ಫೋನೋ ಪ್ರೀಆಂಪ್ ಬಿಟ್ಟು ಹೊರಗಿನದು ಕೊಳ್ಳಬೇಕೆ? ಅಪ್ಪನ ಎಲ್‌ಪಿಗಳಿಗಾಗಿ ಕೇಳುತ್ತಿದ್ದೇನೆ

ಭದ್ರಾವತಿ ಮಳೆ:

ಎಲ್ಲರಿಗೂ ನಮಸ್ಕಾರ. ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ಸಂಬಳ ಬಂದ ವಾರ ಶಿವಮೊಗ್ಗಕ್ಕೆ ಹೋಗಿ ಒಂದು ರೆಕಾರ್ಡು ತರುವುದು ಅವರ ರೂಢಿ. ಕವರಿನ ಹಿಂದೆ ಪೆನ್ಸಿಲ್ಲಿನಲ್ಲಿ ತಾರೀಕು ಬರೆದಿಡುತ್ತಿದ್ದರು. ಹಾಗೆ ಕೂಡಿದ 112 ಎಲ್‌ಪಿಗಳು ಈಗ ನನ್ನ ಹತ್ತಿರ ಇವೆ. ಮುಕ್ಕಾಲು ಪಾಲು ಹಿಂದೂಸ್ತಾನಿ: ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಉಳಿದವು ಕನ್ನಡ ಸಿನಿಮಾ ಹಾಡು.

ಹೋದ ವರ್ಷ ಒಂದು ಡೈರೆಕ್ಟ್ ಡ್ರೈವ್ ಟರ್ನ್‌ಟೇಬಲ್ ಕೊಂಡೆ. ಕಾರ್ಟ್ರಿಜ್, ಅಂದರೆ ಮುಳ್ಳು ಕೂರುವ ಭಾಗ, ಆಡಿಯೋ ಟೆಕ್ನಿಕಾ ವಿಎಂ95ಇ. ಕಾರ್ಟ್ರಿಜ್ಜಿನ ಸಣ್ಣ ಸಂಕೇತವನ್ನು ಆಂಪ್ಲಿಫೈಯರಿಗೆ ಸಾಕಾಗುವಷ್ಟು ಹಿಗ್ಗಿಸುವ ಫೋನೋ ಪ್ರೀಆಂಪ್ ಟೇಬಲ್ಲಿನ ಒಳಗೇ ಇದೆ, ಹಿಂಬದಿಯಲ್ಲಿ ಫೋನೋ–ಲೈನ್ ಸ್ವಿಚ್. ನನ್ನ ಆಂಪ್ಲಿಫೈಯರಿನಲ್ಲಿ ಫೋನೋ ಇನ್‌ಪುಟ್ ಇಲ್ಲ, ಆಕ್ಸ್ ಮಾತ್ರ. ಹಾಗಾಗಿ ಸ್ವಿಚ್ಚನ್ನು ಲೈನ್‌ನಲ್ಲೇ ಇಟ್ಟಿದ್ದೇನೆ.

ಆಲಾಪ ಶುರುವಾಗುವ ಮುಂಚೆ ತಂಬೂರಿಯೊಂದೇ ನುಡಿಯುವ ಹೊತ್ತು ಇರುತ್ತದಲ್ಲ, ಆಗ ಅದರ ಅಡಿಯಲ್ಲಿ ಇನ್ನೊಂದು ‘ಗುಂಯ್’ ಕೇಳುತ್ತದೆ, ಶ್ರುತಿಗೆ ಸೇರದ್ದು. ಅಪ್ಪ ಆ ಹೊತ್ತಿಗೆ ಫ್ಯಾನ್ ಕೂಡ ಆರಿಸುತ್ತಿದ್ದರು. ನನಗೆ ಅದೊಂದು ಸದ್ದು ಹೋದರೆ ಸಾಕು ಎನಿಸಿಬಿಟ್ಟಿದೆ. ಸಿನಿಮಾ ಹಾಡುಗಳಲ್ಲಿ ಸ, ಶ ಬಂದಲ್ಲೆಲ್ಲ ಕಿವಿ ಕಚ್ಚಿದಂತಾಗುತ್ತದೆ, ಪ್ಲೇಟಿನ ಕೊನೆಯ ಹಾಡಿನಲ್ಲಿ ಇನ್ನೂ ಜಾಸ್ತಿ. ಸಿಡಿಗಿಂತ ಸದ್ದೂ ಕಮ್ಮಿ, ವಾಲ್ಯೂಮ್ ಬಹಳ ತಿರುಗಿಸಬೇಕು.

ಬಜೆಟ್ 15,000 ರೂಪಾಯಿ. ಮುಂದೆ ಎಂಸಿ (ಮೂವಿಂಗ್ ಕಾಯಿಲ್) ಕಾರ್ಟ್ರಿಜ್ ಹಾಕಿದರೂ ನಡೆಯುವಂಥ ಪ್ರೀಆಂಪನ್ನೇ ಕೊಳ್ಳಲೆ? ವಿಚಾರಿಸಿದ ಅಂಗಡಿಯಲ್ಲಿ ‘ದುಡ್ಡು ಹಾಕಿದಷ್ಟೂ ಒಳ್ಳೆಯದು’ ಎಂದರು. ಅದರಾಚೆ ಏನೂ ಹೇಳಲಿಲ್ಲ.

ಬೆಸುಗೆ ಕೈ, ಮೈಸೂರು:

ಈಗಲೇ ಏನೂ ಕೊಳ್ಳಬೇಡಿ. ನೀವು ಹೇಳಿದ ಮೂರು ತೊಂದರೆಗೆ ಮೂರು ಬೇರೆ ಕಾರಣಗಳಿವೆ. ಹೊಸ ಪ್ರೀಆಂಪ್ ಹೆಚ್ಚೆಂದರೆ ಅದರಲ್ಲಿ ಒಂದನ್ನು ತಗ್ಗಿಸಬಹುದು, ಮೂರನ್ನೂ ಅಲ್ಲ.

ಸದ್ದು ಕಮ್ಮಿ ಎನ್ನುವುದು ದೋಷವೇ ಅಲ್ಲ. ವಿಎಂ95ಇ ಕೊಡುವುದು 4 ಮಿಲಿವೋಲ್ಟ್. ನಿಮ್ಮಂಥ ಎಂಎಂ (ಮೂವಿಂಗ್ ಮ್ಯಾಗ್ನೆಟ್) ಕಾರ್ಟ್ರಿಜ್ಜಿನ ಪ್ರೀಆಂಪ್ ಸಾಮಾನ್ಯವಾಗಿ 40 ಡೆಸಿಬೆಲ್, ಅಂದರೆ ನೂರು ಪಟ್ಟು ಹೆಚ್ಚಿಸುತ್ತದೆ. ಆಗ 0.4 ವೋಲ್ಟ್ ಆಯಿತು. ಸಿಡಿ ಪ್ಲೇಯರ್ 2 ವೋಲ್ಟ್ ತನಕ ಕೊಡುತ್ತದೆ. ವ್ಯತ್ಯಾಸ ಇದ್ದೇ ಇರುತ್ತದೆ, ವಾಲ್ಯೂಮ್ ತಿರುಗಿಸಿ ಕೇಳಿ.

ಗುಂಯ್ ಸದ್ದಿಗೆ ಬರೋಣ. ಎಲ್‌ಪಿ ಕೆತ್ತುವಾಗ ಮಂದ್ರದ ಸದ್ದನ್ನು ತಗ್ಗಿಸಿ, ತಾರದ ಸದ್ದನ್ನು ಏರಿಸಿ ಕೆತ್ತುತ್ತಾರೆ. ಹಾಗೆ ಮಾಡದಿದ್ದರೆ ಮಂದ್ರ ಸ್ವರಕ್ಕೆ ಗೆರೆ ಅಗಲವಾಗಿ ಓಲಾಡಿ, ಒಂದು ಬದಿಯಲ್ಲಿ ಹತ್ತು ನಿಮಿಷದ ಸಂಗೀತವೂ ಹಿಡಿಸುವುದು ಕಷ್ಟ. 1954ರಲ್ಲಿ ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ ಇದಕ್ಕೆ ಒಂದು ಅಳತೆ ಗೊತ್ತುಮಾಡಿತು. ಅದೇ ಆರ್‌ಐಎಎ ಕರ್ವ್. ಪ್ರೀಆಂಪಿನ ನಿಜವಾದ ಕೆಲಸ ಅದನ್ನು ತಿರುವುಮುರುವು ಮಾಡುವುದು. ಅಂದರೆ ಅದು 50 ಹರ್ಟ್ಸ್‌ನ ಸದ್ದನ್ನು 1,000 ಹರ್ಟ್ಸ್‌ಗಿಂತ 7 ಪಟ್ಟು ಹೆಚ್ಚು ಹಿಗ್ಗಿಸುತ್ತದೆ. ನಮ್ಮ ಮನೆ ಕರೆಂಟಿನ ಕಂಪನ ಎಷ್ಟು? ಅದೇ 50. ಕಾರ್ಟ್ರಿಜ್ಜಿನ ಹತ್ತಿರ ಕರೆಂಟಿನ ನೆರಳು ಸುಳಿದರೂ ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ. ಎಷ್ಟು ದುಡ್ಡಿನ ಪ್ರೀಆಂಪ್ ತಂದರೂ ಇದು ತಪ್ಪದು, ಯಾಕೆಂದರೆ ಅದು ಕಾರ್ಟ್ರಿಜ್ಜಿನಿಂದಲೇ ಹೊತ್ತು ಬರುವ ಸದ್ದು.

ಈ ಸಂಜೆ ಹೀಗೆ ಮಾಡಿ ನೋಡಿ. ಪ್ಲೇಟು ನಿಲ್ಲಿಸಿ, ಎಂದಿನ ವಾಲ್ಯೂಮ್ ಇಡಿ. ಮೊದಲು ಆಕ್ಸ್ ವೈರು ಬಿಚ್ಚಿ. ಆಗಲೂ ಸದ್ದಿದ್ದರೆ ತೊಂದರೆ ಆಂಪ್ಲಿಫೈಯರಿನದು. ಇಲ್ಲವಾದರೆ ಮತ್ತೆ ಸಿಕ್ಕಿಸಿ, ಮುಳ್ಳು ಮೇಲೆತ್ತಿದಂತೆಯೇ ಇಟ್ಟುಕೊಂಡು ಆರ್ಮನ್ನು ಹೊರಗಿನಿಂದ ಒಳಗೆ ನಿಧಾನವಾಗಿ ಸರಿಸಿ. ಯಾವುದೋ ಒಂದು ಕಡೆ ಸದ್ದು ಏರಿದರೆ ಆ ದಿಕ್ಕಿನಲ್ಲಿ ಟ್ರಾನ್ಸ್‌ಫಾರ್ಮರ್ ಇದೆ ಎಂದು ಅರ್ಥ. ಆಮೇಲೆ ಆರ್ಮಿನ ಲೋಹಕ್ಕೆ ಬೆರಳು ಮುಟ್ಟಿಸಿ. ಮುಟ್ಟಿದ ಕೂಡಲೇ ಸದ್ದು ಬದಲಾದರೆ ಅರ್ಥಿಂಗ್ ನೋಡಬೇಕು. ಅರ್ಥಿಂಗ್ ತೊಂದರೆಯೆಂದು ಯಾರಾದರೂ ಪ್ಲಗ್ಗಿನ ಮೂರನೇ ಪಿನ್ ಕಿತ್ತುಹಾಕಿ ಎಂದರೆ ದಯವಿಟ್ಟು ಕೇಳಬೇಡಿ, ಜೀವಕ್ಕೆ ಅಪಾಯ.

ಸ, ಶ ಕಚ್ಚುವುದರಲ್ಲಿ ಅರ್ಧ ಪಾಲು ಕೆಪಾಸಿಟೆನ್ಸ್, ಅಂದರೆ ವೈರು ಮತ್ತು ಪ್ರೀಆಂಪಿನ ವಿದ್ಯುತ್ ಹಿಡಿದಿಡುವ ಗುಣ, ಇರಬಹುದು. ಇದನ್ನು ಕೊಳ್ಳುವವರು ಯಾರೂ ನೋಡುವುದಿಲ್ಲ ಎಂಬುದೇ ನನಗೆ ಬೇಸರ. ನಿಮ್ಮ ಕಾರ್ಟ್ರಿಜ್ ಕೇಳುವುದು ಒಟ್ಟು 100ರಿಂದ 200 ಪಿಕೋಫ್ಯಾರಡ್, ವೈರಿನದೂ ಸೇರಿ. ಅದರ ಕಾಯಿಲ್ 550 ಮಿಲಿಹೆನ್ರಿ. 200 ಇದ್ದಾಗ ಕಾಯಿಲಿನ ಅನುರಣನ (ಸದ್ದು ಉಬ್ಬಿ ಕೇಳುವ ಕಂಪನ) 15 ಕಿಲೋಹರ್ಟ್ಸ್ ಹತ್ತಿರ ಇರುತ್ತದೆ. 400 ಆಯಿತೋ, 10.7ಕ್ಕೆ ಇಳಿಯುತ್ತದೆ, ಸಕಾರ ಇರುವ ಜಾಗಕ್ಕೆ ಬಂದು ಕೂರುತ್ತದೆ. ಒಳಗಿನ ಪ್ರೀಆಂಪಿನಲ್ಲಿ ಇದು ಎಷ್ಟಿದೆಯೆಂದು ಬಹಳ ಕಂಪನಿಗಳು ಬರೆಯುವುದಿಲ್ಲ, ಬದಲಿಸಲೂ ಆಗದು. ಹೊರಗಿನದು ಬೇಕು ಎನ್ನಲು ನನಗೆ ಇದೇ ಮುಖ್ಯ ಕಾರಣ.

ಕೊಳ್ಳುವುದಾದರೆ ಎಆರ್‌ಟಿ ಕಂಪನಿಯ ಡಿಜೆ ಪ್ರೀ 2 ನೋಡಿ. 100–200 ಪಿಕೋಫ್ಯಾರಡ್ ಸ್ವಿಚ್, ಎಷ್ಟು ಹಿಗ್ಗಿಸಬೇಕೆನ್ನುವ ಗೇನ್ ತಿರುಪು, ತೀರಾ ಕೆಳಗಿನ ಕಂಪನ ಕತ್ತರಿಸುವ ಲೋ ಕಟ್ ಮೂರೂ ಇವೆ. ಪ್ಲೇಟು ಡೊಂಕಾಗಿದ್ದರೆ ಲೋ ಕಟ್ ಬಹಳ ಉಪಕಾರ. ಇಲ್ಲದಿದ್ದರೆ ಹಾಡಿಲ್ಲದಾಗಲೂ ಸ್ಪೀಕರಿನ ಕೋನ್ ಉಸಿರಾಡಿದಂತೆ ಅಲುಗುತ್ತಿರುತ್ತದೆ. ಎಂಎಂ, ಎಂಸಿ ಎರಡೂ ಬೇಕೆಂದರೆ ಐಫೈ ಜೆನ್ ಫೋನೋ ಇದೆ, 36ರಿಂದ 72 ಡೆಸಿಬೆಲ್ ತನಕ ನಾಲ್ಕು ಮೆಟ್ಟಿಲು. ಆದರೆ ನಿಮಗೆ ಎಂಸಿ ಬೇಡ ಅಂತಲೇ ನನ್ನ ಅಭಿಪ್ರಾಯ.

ಧಾರವಾಡ ತಂಬೂರಿ:

ಮ್ಯಾಲಿನವ್ರು ಹೇಳಿದ್ದು ಖರೇ ಐತ್ರಿ. ನಾ ಮುಳ್ಳಿನ ಮಾತು ಹೇಳತೀನಿ. ಕಡೀ ಹಾಡಿನ್ಯಾಗ ಜಾಸ್ತಿ ಕಚ್ಚತೈತಿ ಅಂದ್ರಲ್ಲ, ಅದು ಪ್ರೀಆಂಪಿನ ತಪ್ಪಲ್ರಿ. ಪ್ಲೇಟು ತಿರಗೂ ವೇಗ ಒಂದಽ, ಆದ್ರ ಒಳಗಿನ ಸುತ್ತು ಸಣ್ಣದು. ಹೊರಗಿನ ಅಂಚಿನ್ಯಾಗ ಒಂದು ಸೆಕೆಂಡಿಗೆ 50 ಸೆಂಟಿಮೀಟರ್ ಗೆರಿ ಮುಳ್ಳಿನ ಕೆಳಗ ಹಾಯತೈತಿ, ಒಳಗ ಬಂದ್ರ 20ರ ಆಸುಪಾಸು. ಅಷ್ಟಽ ಹಾಡು ಅರ್ಧಕ್ಕಿಂತ ಕಡಿಮಿ ಜಾಗದಾಗ ಒತ್ತಿ ಕುಂತಿರತೈತಿ. ನಿಮ್ಮ ಹಸರು ಮುಳ್ಳಿನ ತುದಿ ಅಷ್ಟು ಸಣ್ಣ ತಿರುವಿನ್ಯಾಗ ಇಳಿಯೂದಿಲ್ಲ.

ವಿಎಂ95ದಾಗ ಒಂದು ಚಲೋ ಐತಿ. ಕಾರ್ಟ್ರಿಜ್ ಬಿಚ್ಚಬೇಕಾಗಿಲ್ಲ, ಮುಳ್ಳು ಅಷ್ಟಽ ಕೈಲೇ ಎಳದು ಕೆಂಪು ಎಂಎಲ್ ಮುಳ್ಳು (ಮೈಕ್ರೋಲೀನಿಯರ್, ತುದಿ ಭಾಳ ಸಣ್ಣಂದು) ಸಿಗಸ್ರಿ. ಭಾರ ಅದಽ 2 ಗ್ರಾಂ. ಎಂಸಿಗೆ ಈ ಅನುಕೂಲ ಇಲ್ಲ, ಮುಳ್ಳು ಸವದ್ರ ಹೆಚ್ಚುಕಮ್ಮಿ ಇಡೀ ಕಾರ್ಟ್ರಿಜ್ಜಽ ಬದಲಿ ಮಾಡಬೇಕು. ಮುಳ್ಳು, ಪ್ರೀಆಂಪು ಎರಡೂ ಒಮ್ಮೆಗೇ ಆಗದಿದ್ರ ಮೊದ್ಲು ಮುಳ್ಳು ತೊಗೋರಿ. ಮಲೆನಾಡಾಗ ಇದ್ದ ಪ್ಲೇಟು ಅಂದ್ರ ಬೂಷ್ಟು ಹಿಡದಿರತಾವು, ಡಿಸ್ಟಿಲ್ಡ್ ವಾಟರ್‌ದಾಗ ತೊಳೀಲಾರದ ಹೊಸ ಮುಳ್ಳು ಇಳಸಬ್ಯಾಡ್ರಿ.

ನಮ್ಮನ್ಯಾಗ ಮನ್ಸೂರ ಬುವಾರ ಪ್ಲೇಟು ತೊಳದು ಹಚ್ಚಿದ ದಿನ ನಮ್ಮವ್ವ ಅಡಗಿಮನಿಯಿಂದ ಬಂದು ನಿಂತು ಕೇಳಿದ್ಲು. ಅದಕ್ಕಽ ಇಷ್ಟು ಒತ್ತಿ ಹೇಳತೀನಿ.

ಭದ್ರಾವತಿ ಮಳೆ:

ಇಬ್ಬರಿಗೂ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆಯೇ. ಮೂರು ವಾರ ಆಯಿತು, ನಡೆದದ್ದನ್ನು ಬರೆಯುತ್ತೇನೆ.

ಆರ್ಮನ್ನು ಸರಿಸಿ ನೋಡಿದೆ. ಬಲಗಡೆ, ಅಂದರೆ ಹೊರಗಿನ ಅಂಚಿನಲ್ಲಿ ಸದ್ದು ಜೋರು, ಒಳಗೆ ಹೋದಂತೆ ಕಮ್ಮಿ. ಬಲಗಡೆ ಅಂಟಿಕೊಂಡೇ ಆಂಪ್ಲಿಫೈಯರ್ ಇತ್ತು! ಅದನ್ನು ಎಡಗಡೆ ಕೆಳಗಿನ ಹಲಗೆಗೆ ಇಳಿಸಿ ಮೂರು ಅಡಿ ದೂರ ಮಾಡಿದೆ. ಒಂದು ರೂಪಾಯಿ ಖರ್ಚಿಲ್ಲದೆ ಮುಕ್ಕಾಲು ಪಾಲು ಗುಂಯ್ ಹೋಯಿತು. ಉಳಿದದ್ದು ಬೆರಳು ಮುಟ್ಟಿಸಿದರೆ ಬದಲಾಗುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ಸಾಕೆಟ್ ಬಿಚ್ಚಿದರೆ ಮೂರು ತೂತಿದೆ, ಅರ್ಥ್ ವೈರೇ ಇಲ್ಲ. ಇಷ್ಟು ವರ್ಷ ಅದೇ ಸಾಕೆಟ್ಟಿಗೆ ಫ್ರಿಜ್ ಸಿಕ್ಕಿಸುತ್ತಿದ್ದೆವು. ಈಗ ಹೊಸ ವೈರೆಳೆಸಿದ್ದೇನೆ.

ಆಮೇಲೆ ಧಾರವಾಡದವರ ಮಾತಿನಂತೆ ಕೆಂಪು ಮುಳ್ಳು ತರಿಸಿದೆ. ಕೊನೆಯ ಹಾಡಿನ ಸಕಾರ ಈಗ ಬಾಯಲ್ಲಿ ಹುಟ್ಟಿದ ಸಕಾರದಂತೆ ಕೇಳುತ್ತದೆ. ಡಿಜೆ ಪ್ರೀ 2 ಬಂದದ್ದು ಕೊನೆಗೆ. ಟೇಬಲ್ಲಿನ ಸ್ವಿಚ್ಚನ್ನು ಫೋನೋಕ್ಕೆ ತಂದು, ಒಂದು ಮೀಟರಿನ ವೈರು ಹಾಕಿ, 100ರಲ್ಲಿಟ್ಟೆ. 200ಕ್ಕೆ ಹಾಕಿದಾಗ ಗಂಗೂಬಾಯಿಯವರ ಪ್ಲೇಟಿನ ಹಾರ್ಮೋನಿಯಂ ತುಸು ಚುಚ್ಚಿದಂತಾಗುತ್ತದೆ, 100ರಲ್ಲಿ ಇಲ್ಲ. ವ್ಯತ್ಯಾಸ ಚಿಕ್ಕದು. ಆದರೆ ಆ ಪ್ಲೇಟನ್ನು ಚಿಕ್ಕಂದಿನಿಂದ ಕೇಳಿದವಳಿಗೆ ಗೊತ್ತಾಗುತ್ತದೆ.

ಇನ್ನೊಂದು ಕೇಳಬೇಕಿತ್ತು. ದೊಡ್ಡಪ್ಪನ ಮನೆಯಲ್ಲಿ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟುಗಳು ಇಪ್ಪತ್ತಿವೆ. ನನ್ನ ಟೇಬಲ್ಲಿನಲ್ಲಿ 78 ವೇಗ ಇದೆ. ಹಾಕಬಹುದೆ?

ಪುತ್ತೂರು 78:

ಈಗಿನ ಮುಳ್ಳಿನಲ್ಲಿ ಹಾಕಬೇಡಿ ಅಕ್ಕ. 78ರ ಗೆರೆ ಅಗಲ, ಎಲ್‌ಪಿಯ ಮುಳ್ಳು ತಳಕ್ಕೆ ಬಿದ್ದು ಕೆರೆಯುತ್ತದೆ, ಹಾಡಿಗಿಂತ ಗರಗರವೇ ಜಾಸ್ತಿ. ನಿಮ್ಮ ಕಾರ್ಟ್ರಿಜ್ಜಿಗೇ ಸೇರುವ ವಿಎಂಎನ್95ಎಸ್‌ಪಿ ಎಂಬ, ತುದಿ ದಪ್ಪವಿರುವ 3 ಮಿಲ್ ಮುಳ್ಳು ಸಿಗುತ್ತದೆ. ಆಂಪ್ಲಿಫೈಯರಿನಲ್ಲಿ ಮೋನೋ ಗುಂಡಿ ಇದ್ದರೆ ಒತ್ತಿ. 78ರ ಸಂಗೀತ ಗೆರೆಯ ಅಕ್ಕಪಕ್ಕದಲ್ಲಿದೆ, ಮೇಲೆ ಕೆಳಗೆ ಬರುವುದು ಬರೀ ಸದ್ದು, ಮೋನೋದಲ್ಲಿ ಅದು ಕಳೆದುಹೋಗುತ್ತದೆ.

ಆರ್‌ಐಎಎ ಬರುವ ಮುಂಚಿನ ಪ್ಲೇಟುಗಳಿಗೆ ಒಂದೇ ಅಳತೆ ಇರಲಿಲ್ಲ, ಕಂಪನಿಗೊಂದು ಇತ್ತು. ನಿಮ್ಮ ಪ್ರೀಆಂಪಿನಲ್ಲಿ ಅವು ತುಸು ಮಂಕಾಗಿ ಕೇಳಬಹುದು. ಟ್ರೆಬಲ್ ತುಸು ಏರಿಸಿ ಕಿವಿಗೆ ಹಿತವಾದಲ್ಲಿ ನಿಲ್ಲಿಸಿ, ಅದಕ್ಕಾಗಿ ಇನ್ನೊಂದು ಪ್ರೀಆಂಪ್ ಕೊಳ್ಳುವುದು ಬೇಡ. ತೊಳೆಯುವಾಗ ಸ್ಪಿರಿಟ್ ಮಾತ್ರ ತಾಗಿಸಬೇಡಿ, 78ರ ಪ್ಲೇಟಿನ ಅರಗು ಕರಗಿಹೋಗುತ್ತದೆ. ಬಸ್ಸಿನಲ್ಲಿ ತರುವುದಾದರೆ ನಿಲ್ಲಿಸಿಯೇ ಇಟ್ಟು, ನಡುನಡುವೆ ಹಳೇ ಸೀರೆ ಹಾಕಿ ಕಟ್ಟಿ.

ಭದ್ರಾವತಿ ಮಳೆ:

ಭಾನುವಾರ ಹೋಗುತ್ತಿದ್ದೇನೆ. ಅಮ್ಮನ ಎರಡು ಹತ್ತಿ ಸೀರೆ ಈಗಲೇ ಎತ್ತಿಟ್ಟೆ.