ಗೆರೆಚಿತ್ರವನ್ನು ಕಂಪ್ಯೂಟರ್ ‘ಬಿಡಿಸುತ್ತದೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಗೆರೆಚಿತ್ರ ಕೊಟ್ಟರೆ ಅದರಲ್ಲಿರುವ ವಸ್ತುವಿನ ಆಕಾರವನ್ನು ಕಂಪ್ಯೂಟರ್ ಹೇಗೆ ತಿಳಿದುಕೊಳ್ಳುತ್ತದೆ ಎಂದು ಕಾಲೇಜು ಮಕ್ಕಳಿಗೆ ಬರೆಯುತ್ತಿದ್ದೇನೆ. ಎರಡು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಒಂದು, ಈ ಕೆಲಸಕ್ಕೆ ಏನನ್ನಬೇಕು? ಲೆಕ್ಕ, ಒಗಟು, ಗಂಟು ಎಲ್ಲವನ್ನೂ ನಾವು ಬಿಡಿಸುತ್ತೇವೆ. ಹಾಗಾಗಿ ‘ಬಿಡಿಸು’ ಚೆನ್ನಾಗಿ ಹೊಂದುತ್ತಿತ್ತು. ಆದರೆ ‘ಕಂಪ್ಯೂಟರ್ ಚಿತ್ರ ಬಿಡಿಸಿತು’ ಅಂದರೆ ಅದೇ ಬರೆಯಿತು ಎಂದಾಗುತ್ತದೆ, ಅಲ್ವಾ? ‘ವ್ಯಾಖ್ಯಾನಿಸಿತು’ ಅಂದರೆ ಗೀತೆಗೆ ಭಾಷ್ಯ ಬರೆದ ಹಾಗೆ ಕೇಳಿಸುತ್ತದೆ. ‘ಗುರುತಿಸು’ ಸಾಲದು. 1971ರಲ್ಲಿ ಹಫ್‌ಮನ್ ಮತ್ತು ಕ್ಲೋಸ್ ಎಂಬ ಇಬ್ಬರು ಸಂಶೋಧಕರು ಬೇರೆ ಬೇರೆಯಾಗಿ ತೋರಿಸಿದ ದಾರಿಯಲ್ಲಿ ಪ್ರತಿ ಗೆರೆಗೂ ಒಂದು ಗುರುತು ಬೀಳುತ್ತದೆ: ಉಬ್ಬು ಅಂಚು, ತಗ್ಗು ಅಂಚು, ಇಲ್ಲವೇ ಹಿಂದಿನದನ್ನು ಮರೆಮಾಡುವ ಅಂಚು. (ಪೀನ, ನಿಮ್ನ ಬೇಡವೆಂದು ಬಿಟ್ಟೆ. ಅವು ಮಸೂರದ ಪಾಠಕ್ಕೇ ಇರಲಿ.) ಗೆರೆಗಳು ಕೂಡುವ ಮೂಲೆಯಲ್ಲಿ ಈ ಗುರುತುಗಳು ಒಂದಕ್ಕೊಂದು ಒಪ್ಪಬೇಕು. ಸದ್ಯಕ್ಕೆ ‘ಓದು’ ಅಂತ ಬರೆದಿದ್ದೇನೆ.

ಎರಡನೆಯದೇ ಜಾಸ್ತಿ ಕಾಡುತ್ತಿದೆ: ಅನುಮಾನ ಬಂದಾಗ ಕಂಪ್ಯೂಟರ್‌ಗೆ ‘ಇದು ಹೀಗೆ’ ಎಂದು ಹೇಳುವವರಿಗೆ ಏನನ್ನಬೇಕು? ಮೂರು ಮುಖ ಕಾಣುವಂತೆ ಬರೆದ ಒಂದು ಘನಾಕೃತಿಯ ಪೆಟ್ಟಿಗೆ ತೆಗೆದುಕೊಳ್ಳಿ. ಕಾಣುವ ಗೆರೆ ಒಂಬತ್ತೇ. ಆದರೂ ಈ ನಿಯಮದಲ್ಲಿ ನಾಲ್ಕು ಓದು ಹೊರಡುತ್ತವೆ: ಗಾಳಿಯಲ್ಲಿ ತೇಲುವ ಪೆಟ್ಟಿಗೆ, ನೆಲಕ್ಕೆ ಕೂತದ್ದು, ಎಡಗೋಡೆಗೆ ಅಂಟಿದ್ದು, ಬಲಗೋಡೆಗೆ ಅಂಟಿದ್ದು. ನಾಲ್ಕೂ ಸರಿ! ಕಂಪ್ಯೂಟರ್ ಅಲ್ಲಿಗೆ ನಿಲ್ಲುತ್ತದೆ. ಎದುರು ಕೂತವರು ಕೆಳಗಿನ ಒಂದು ಗೆರೆ ತೋರಿಸಿ ‘ಇದು ತಗ್ಗು’ (ಪೆಟ್ಟಿಗೆ ನೆಲಕ್ಕೆ ಕೂತಿದೆ) ಅಂದರೆ ಸಾಕು, ಉಳಿದ ಎಂಟೂ ತಾವಾಗಿ ತೀರ್ಮಾನವಾಗುತ್ತವೆ.

ಹೀಗೆ ಹೇಳುವವರನ್ನು ‘ಬಳಕೆದಾರರು’ ಅನ್ನಲು ಮನಸ್ಸು ಒಪ್ಪುತ್ತಿಲ್ಲ. ಅವರು ಸುಮ್ನೆ ಬಳಸುತ್ತಿಲ್ಲ, ಅರ್ಧ ಕೆಲಸ ಅವರದೇ. ‘ಬರೆದವರು’ ಅನ್ನೋಣ ಅಂದರೆ ಅದೂ ಎಲ್ಲ ಕಡೆ ನಿಲ್ಲುವುದಿಲ್ಲ. ಪರದೆಯ ಮೇಲೆ ಚಿತ್ರ ಬರೆಯುವ 1963ರ ಸ್ಕೆಚ್‌ಪ್ಯಾಡ್ ಎಂಬ ಪ್ರೋಗ್ರಾಂನಲ್ಲಿ ಲೈಟ್ ಪೆನ್ (ಪರದೆಗೆ ಹಿಡಿಯುವ ಪೆನ್) ಹಿಡಿದು ಗೆರೆ ಎಳೆದವರೇ ‘ಇವೆರಡೂ ಸಮಾಂತರ’ ಎಂದೂ ಹೇಳುತ್ತಿದ್ದರು. ಅದೇ ವರ್ಷ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ಸ್ ಎಂಬ ಸಂಶೋಧಕರು ಮಾಡಿದ ಕೆಲಸದಲ್ಲಿ ಗೆರೆಗಳು ಬಂದದ್ದು ಫೋಟೋದಿಂದ. ಅಲ್ಲಿ ಬರೆದವರೇ ಇಲ್ಲ. ‘ತೀರ್ಪುಗಾರರು’ ಅಂದರೆ ಕಬಡ್ಡಿ ಅಂಕಣ ನೆನಪಾಗುತ್ತದೆ.

ಐಟಿಐಗಳಲ್ಲಿ ಕಲಿಸುವವರು, ವರ್ಕ್‌ಶಾಪ್‌ನಲ್ಲಿ ಡ್ರಾಯಿಂಗ್ ನೋಡಿ ಕೆಲಸ ಮಾಡುವವರು ಇಲ್ಲಿದ್ದರೆ ತಿಳಿಸಿ. ಡ್ರಾಯಿಂಗ್‌ನಲ್ಲಿ ಅನುಮಾನ ಬಂದಾಗ ‘ಇದು ಹೀಗೇ’ ಎಂದು ಹೇಳುವವರಿಗೆ ನಿಮ್ಮಲ್ಲಿ ಏನನ್ನುತ್ತಾರೆ?