ಅರೌಕೇರಿಯಾದ ಕೆಳಗಿನ ಕೊಂಬೆಗಳು ಒಣಗಿ ಉದುರುತ್ತಿವೆ: ಸುಳಿ ಕತ್ತರಿಸಬಹುದೇ?

ಪ್ರಶ್ನೆ:
ಕ್ರಿಸ್‌ಮಸ್ ಗಿಡವೆಂದು ಕೊಂಡುತಂದ ಅರೌಕೇರಿಯಾ 2 ವರ್ಷಗಳಿಂದ ಕೋಣೆಯ ಮೂಲೆಯಲ್ಲಿ ಕುಂಡದಲ್ಲಿದ್ದು, ಈಗ ಸುಮಾರು 4 ಅಡಿ ಎತ್ತರವಾಗಿದೆ. ಕೆಲವು ತಿಂಗಳಿಂದ ಕೆಳಗಿನ ಕೊಂಬೆಗಳು ಒಂದೊಂದಾಗಿ ಕಂದುಬಣ್ಣಕ್ಕೆ ತಿರುಗಿ ಉದುರುತ್ತಿವೆ. ಮೇಲ್ಭಾಗ ಮಾತ್ರ ಹಸಿರಾಗಿದೆ. ದಿನವೂ ಒಂದು ಲೋಟ ನೀರು ಹಾಕುತ್ತೇನೆ. ಸುಳಿಯನ್ನು ಕತ್ತರಿಸಿದರೆ ಗಿಡ ಕೆಳಗಿನಿಂದ ಚಿಗುರಿ ತುಂಬಿಕೊಳ್ಳುವುದೇ?

ಉತ್ತರ:
ದಯವಿಟ್ಟು ಸುಳಿಯನ್ನು ಮುಟ್ಟಬೇಡಿ. ಈ ಗಿಡ ಒಂದೇ ನೇರ ಕಾಂಡದ ಸುತ್ತ ಅಂತಸ್ತು ಅಂತಸ್ತಾಗಿ ಕೊಂಬೆಗಳನ್ನು ಬಿಡುತ್ತ ಬೆಳೆಯುವಂಥದ್ದು; ಅದರ ಚೆಲುವೆಲ್ಲ ಆ ಕ್ರಮದಲ್ಲಿದೆ. ಸುಳಿ ಹೋದರೆ ಆ ರೂಪ ಕೆಡುತ್ತದೆಯೇ ಹೊರತು, ಬರಿದಾದ ಕಾಂಡದ ಮೇಲೆ ಕೊಂಬೆ ಮತ್ತೆ ಬರುವುದಿಲ್ಲ. ಪಕ್ಕದ ಕೊಂಬೆಯನ್ನು ಕತ್ತರಿಸಿ ನೆಟ್ಟು ಬೇರು ಬರಿಸಿದರೂ ಅದು ಮರವಾಗಿ ಮೇಲೇಳದೆ ಅಡ್ಡಡ್ಡಲಾಗಿಯೇ ಬೆಳೆಯುತ್ತದೆ.

ಇದರ ತವರು ದಕ್ಷಿಣ ಪೆಸಿಫಿಕ್ ಸಾಗರದ ನಾರ್ಫೋಕ್ ದ್ವೀಪ. ಅಲ್ಲಿ ಬಯಲಿನ ಬೆಳಕಿನಲ್ಲಿ, ಉಪ್ಪುಗಾಳಿಗೂ ಜಗ್ಗದೆ 50 ಮೀಟರಿಗೂ ಮೀರಿ ಬೆಳೆಯುವ ಮರಕ್ಕೆ ಕೋಣೆಯ ಮೂಲೆಯ ಮಬ್ಬು ಸಾಲದು. ಬೆಳಕು ಕಡಿಮೆಯಾದಾಗ ಅದು ಮೊದಲು ಬಿಟ್ಟುಕೊಡುವುದು ಕೆಳಗಿನ ಕೊಂಬೆಗಳನ್ನೇ. ಆದರೆ ನೀರಿನ ವಿಷಯದಲ್ಲೂ ನನಗೆ ಅನುಮಾನವಿದೆ. ಗಿಡವನ್ನು ಮಣ್ಣಿನ ಹೆಂಟೆಯ ಸಮೇತ ಮೆಲ್ಲನೆ ಎತ್ತಿ ಬೇರು ನೋಡಿ, ಕುಂಡದಲ್ಲಿ ಎಷ್ಟು ಕಾಂಡಗಳಿವೆಯೆಂದು ತಿಳಿಸುವಿರಾ?

ಪ್ರಶ್ನೆ ಕೇಳಿದವರು:
ಒಟ್ಟು 4 ಕಾಂಡಗಳಿವೆ! ಒಂದೇ ಗಿಡವೆಂದು ಭಾವಿಸಿದ್ದೆ. ಮೇಲಿನ ಮಣ್ಣು ಒದ್ದೆಯಾಗಿದ್ದರೂ ಕೆಳಗಿನ ಅರ್ಧ ಒಣಗಿದ್ದು, ಬೇರುಗಳು ಕುಂಡದ ಸುತ್ತ ಸುರುಳಿ ಸುತ್ತಿಕೊಂಡಿವೆ. ಕೊಳೆತ ವಾಸನೆಯೇನೂ ಇಲ್ಲ. ಬಿಡಿಸಿ ಬೇರೆ ಬೇರೆ ನೆಡಬಹುದೇ?

ಉತ್ತರ:
ಬೇಡ. ಪೊದೆಯಂತೆ ತುಂಬಿ ಕಾಣಲೆಂದು ಹಲವು ಸಸಿಗಳನ್ನು ಒಟ್ಟಿಗೆ ನೆಟ್ಟು ಮಾರುವುದು ವಾಡಿಕೆ. ಆದರೆ ಬೇರು ಕದಡಿದರೆ ಈ ಗಿಡ ಸಹಿಸದು. ನಾಲ್ಕನ್ನೂ ಉಳಿಸಲು ಹೋಗಿ ನಾಲ್ಕನ್ನೂ ಕಳೆದುಕೊಳ್ಳಬಹುದು. ಮನಸ್ಸು ಗಟ್ಟಿಮಾಡಿ, ಸೊರಗಿದ ಸಸಿಗಳನ್ನು ಕೀಳದೆ ಮಣ್ಣಿನ ಮಟ್ಟಕ್ಕೆ ಕತ್ತರಿಸಿ, ನೇರವಾದ ಒಂದನ್ನೋ ಎರಡನ್ನೋ ಉಳಿಸಿಕೊಳ್ಳಿ. ಬಳಿಕ ಒಂದು ಅಳತೆ ದೊಡ್ಡದಾದ ಕುಂಡಕ್ಕೆ, ನೀರು ಬಸಿಯುವ ಮಣ್ಣಿನಲ್ಲಿ ಹೆಂಟೆ ಒಡೆಯದಂತೆ ಕೂರಿಸಿ. ದಿನಕ್ಕೊಂದು ಲೋಟದ ಲೆಕ್ಕ ಬಿಟ್ಟು, ಮೇಲಿನ ಒಂದಂಗುಲ ಮಣ್ಣು ಒಣಗಿದ ಮೇಲೆ, ತಳದ ತೂತಿನಿಂದ ಹೊರಬರುವಷ್ಟು ನೀರು ಹಾಕಿ. ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ. ಕಿಟಕಿಯ ಬಳಿಗೆ ತಂದಿಡಿ, ಆದರೆ ಇಷ್ಟು ದಿನ ನೆರಳಿನಲ್ಲಿದ್ದುದನ್ನು ಒಮ್ಮೆಲೇ ಬಿರುಬಿಸಿಲಿಗೆ ಒಡ್ಡಬೇಡಿ. ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿದರೆ ಗಿಡ ಬೆಳಕಿನತ್ತ ವಾಲುವುದಿಲ್ಲ.

ಇನ್ನೊಬ್ಬ ಸದಸ್ಯರು:
ವಾಲುವುದರ ಮಾತು ಬಂದಿದ್ದರಿಂದ ಒಂದು ಸಂಗತಿ: ನಾರ್ಫೋಕ್ ಪೈನ್ ಎಂಬ ಈ ಗಿಡದ ಹೆಸರಿನಲ್ಲಿ ಇದರ ಹತ್ತಿರದ ಸಂಬಂಧಿ ಕುಕ್ ಪೈನ್ ಕೂಡ ಮಾರಾಟವಾಗುತ್ತದೆ. ಆ ಮರಗಳು ಭೂಮಧ್ಯರೇಖೆಯ ಕಡೆಗೆ ವಾಲುತ್ತವೆಂದು 2017ರಲ್ಲಿ ಸಂಶೋಧಕರು ವರದಿ ಮಾಡಿದ್ದಾರೆ. ಕುಂಡದ ಗಿಡ ವಾಲಿದರೆ ಮಾತ್ರ ಕಿಟಕಿಯನ್ನೇ ದೂರಬೇಕು.

ಪ್ರಶ್ನೆ ಕೇಳಿದವರು:
ಎರಡು ಸಸಿಗಳನ್ನು ಉಳಿಸಿಕೊಂಡು ಕುಂಡ ಬದಲಿಸಿದ್ದೇನೆ. ಗೊಬ್ಬರವನ್ನು ಈಗಲೇ ಹಾಕಲೇ?

ಉತ್ತರ:
ಸುಳಿಯಲ್ಲಿ ಹೊಸ ಎಳೆಹಸಿರು ಕಾಣುವವರೆಗೆ ತಡೆಯಿರಿ.